ಪಾತ್ರೆಯ ಬೆಲೆ, ಪಾತ್ರೆಯ ವೆಚ್ಚ

ಗೃಹಕೃತ್ಯದ ಖರ್ಚುಗಳ ಪೈಕಿ ಅತ್ಯಂತ ಕಡಿಮೆ ಪರಿಶೀಲನೆಗೆ ಒಳಗಾಗುವುದು ಅಡುಗೆಮನೆಯ ಪಾತ್ರೆ ಪರಿಕರಗಳ ಖರ್ಚು. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ಕೇಳುವ, ಸೀರೆ ಕೊಳ್ಳುವಾಗ ಸೆರಗನ್ನು ತಿರುವಿ ನೋಡುವ ಗ್ರಾಹಕರು ಪಾತ್ರೆ ಅಂಗಡಿಯಲ್ಲಿ ಮಾತ್ರ ಹೊಳಪನ್ನು ಕಂಡು ಹಣ ತೆರುತ್ತಾರೆ. ಪಾತ್ರೆಯಾದರೋ ದಿನಕ್ಕೆ ಎರಡು ಮೂರು ಬಾರಿ ಒಲೆಯ ಮೇಲೇರಿ, ಉಪ್ಪು ಹುಳಿಗಳಿಗೆ ಒಡ್ಡಿಕೊಂಡು, ತಿಕ್ಕಿಸಿಕೊಂಡು ತೊಳೆಸಿಕೊಂಡು ವರ್ಷಗಟ್ಟಲೆ ದುಡಿಯಬೇಕಾದ ವಸ್ತು. ಅದು ಯಾವ ಲೋಹದ್ದು, ಯಾವ ದರ್ಜೆಯದು ಎಂಬುದನ್ನು ಕೊಳ್ಳುವವರು ಕೇಳುವುದಿಲ್ಲ; ಮಾರುವವರು ತಾವಾಗಿ ಹೇಳುವುದೂ ಅಪರೂಪ. ಈ ಮೌನದಿಂದ ಗ್ರಾಹಕರಿಗೆ ನಷ್ಟವಾಗುತ್ತಿರುವುದು ಸರಿಯೇ. ಆದರೆ ಒಳ್ಳೆಯ ಮಾಲನ್ನು ನ್ಯಾಯವಾದ ಬೆಲೆಗೆ ಮಾರುವ ವರ್ತಕರಿಗೆ ಆಗುತ್ತಿರುವ ನಷ್ಟವೂ ಕಡಿಮೆಯದಲ್ಲ.

ಬೆಂಗಳೂರಿನಲ್ಲಿ ಈ ವಿಷಯವನ್ನು ಪರಿಶೀಲಿಸಲು ಚಾಮರಾಜಪೇಟೆ ಸೂಕ್ತವಾದ ಸ್ಥಳ. 1892ರಲ್ಲಿ ಕೋಟೆಯ ಸಮೀಪ ಯೋಜಿತ ಬಡಾವಣೆಯಾಗಿ ರೂಪುಗೊಂಡು, ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರನ್ನು ಪಡೆದ ಈ ಬಡಾವಣೆಯ ಸಂಸಾರಗಳಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯಾಗಲಿ, ಅದರಾಚೆಯ ಅವೆನ್ಯೂ ರಸ್ತೆ, ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆಗಳಾಗಲಿ ದೂರವಲ್ಲ. ಒಂದು ಸೌಟು ಬೇಕಾದರೂ, ಮಗಳ ಮದುವೆಗೆ ಇಡೀ ಪಾತ್ರೆ ಸಾಮಾನು ಬೇಕಾದರೂ ತಲೆಮಾರುಗಳಿಂದ ಇಲ್ಲಿನ ಮನೆಗಳು ಪೇಟೆಯ ಕಡೆಗೇ ಹೆಜ್ಜೆ ಹಾಕಿವೆ. ಪಾತ್ರೆಯನ್ನು ತೂಗಿ ಬೆಲೆ ಕಟ್ಟುವುದು, ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೊಡುವುದು, ಉಡುಗೊರೆಯ ಪಾತ್ರೆಯ ಮೇಲೆ ಹೆಸರು ಕೆತ್ತಿಕೊಡುವುದು ಈ ಅಂಗಡಿಗಳ ಸಂಪ್ರದಾಯ. ಇಂದು ಅದೇ ಮನೆಗಳ ಕಿರಿಯರು ಮೊಬೈಲ್ ಪರದೆಯ ಮೇಲೆ ಚಿತ್ರ ನೋಡಿ ಪಾತ್ರೆ ತರಿಸಿಕೊಳ್ಳುತ್ತಿದ್ದಾರೆ. ಚಿತ್ರವನ್ನು ಮುಟ್ಟಲಾಗದು, ತೂಗಲಾಗದು. ಮುಟ್ಟಿ ತೂಗಿ ಕೊಳ್ಳುವ ಅವಕಾಶವಿರುವ ಪೇಟೆಯಲ್ಲಿಯೂ ಮಾಹಿತಿ ದೊರೆಯದಿದ್ದರೆ ಗ್ರಾಹಕರು ಅಲ್ಲಿಗೆ ಬರಬೇಕಾದ ಕಾರಣವೇ ಉಳಿಯುವುದಿಲ್ಲ.

ಕೊಂಡ ಬೆಲೆ ಬೇರೆ, ತಗಲುವ ವೆಚ್ಚ ಬೇರೆ

ಯಂತ್ರವೊಂದನ್ನು ಕೊಳ್ಳುವ ಉದ್ಯಮಿ ಅದರ ಬೆಲೆಯನ್ನಷ್ಟೇ ನೋಡುವುದಿಲ್ಲ. ಅದು ಎಷ್ಟು ವರ್ಷ ಬಾಳುತ್ತದೆ, ನಿರ್ವಹಣೆಗೆ ಎಷ್ಟು ತಗಲುತ್ತದೆ, ಕೊನೆಗೆ ಗುಜರಿಗೆ ಹಾಕಿದರೆ ಎಷ್ಟು ಬರುತ್ತದೆ ಎಂಬುದನ್ನೂ ಲೆಕ್ಕ ಹಾಕುತ್ತಾನೆ. ಇದೇ ಸವಕಳಿ ಲೆಕ್ಕವನ್ನು ಪಾತ್ರೆಗೂ ಅನ್ವಯಿಸಬಹುದು.

ವಿಷಯವನ್ನು ಸ್ಪಷ್ಟಪಡಿಸಲು ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ತೆಳುವಾದ ಸ್ಟೀಲ್ ಬೋಗುಣಿಯೊಂದಕ್ಕೆ ರೂ. 350, ಮೂರು ವರ್ಷದಲ್ಲಿ ತಳ ಉಬ್ಬಿ ನಿರುಪಯುಕ್ತವಾಗುತ್ತದೆ, ಗುಜರಿ ಬೆಲೆ ರೂ. 50. ವಾರ್ಷಿಕ ವೆಚ್ಚ ರೂ. 100. ದಪ್ಪ ತಳದ ಬೋಗುಣಿಗೆ ರೂ. 1,000, ಹದಿನೈದು ವರ್ಷ ಬಾಳುತ್ತದೆ, ಗುಜರಿ ಬೆಲೆ ರೂ. 100. ವಾರ್ಷಿಕ ವೆಚ್ಚ ರೂ. 60. ಅಂಗಡಿಯಲ್ಲಿ ಮೂರು ಪಟ್ಟು ದುಬಾರಿಯಾಗಿ ಕಂಡದ್ದೇ ಮನೆಯಲ್ಲಿ ಅಗ್ಗದ್ದಾಗಿ ಪರಿಣಮಿಸಿತು.

ಹಿತ್ತಾಳೆಯ ವಿಷಯದಲ್ಲಿ ಲೆಕ್ಕ ಬೇರೊಂದು ದಿಕ್ಕಿಗೆ ತಿರುಗುತ್ತದೆ. ರೂ. 3,000 ಬೆಲೆಯ ಹಿತ್ತಾಳೆ ಪಾತ್ರೆ ಮೂವತ್ತು ವರ್ಷ ಬಾಳಿ, ಕೊನೆಗೆ ರೂ. 1,200 ತಂದುಕೊಡುತ್ತದೆ ಎಂದುಕೊಂಡರೆ ವಾರ್ಷಿಕ ಸವಕಳಿ ರೂ. 60 ಮಾತ್ರ. ಆದರೆ ವರ್ಷಕ್ಕೊಮ್ಮೆ ಕಲಾಯಿ ಹಾಕಿಸಲು ರೂ. 200 ತಗಲಿದರೆ ಒಟ್ಟು ವೆಚ್ಚ ರೂ. 260 ಆಗುತ್ತದೆ. ಹಿತ್ತಾಳೆ ಎಂದರೆ ಆಸ್ತಿ ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ನಿರ್ವಹಣಾ ವೆಚ್ಚವನ್ನು ಸೇರಿಸದ ಹೊರತು ಆ ಮಾತು ಪೂರ್ಣವಾಗುವುದಿಲ್ಲ. ಅಂಕಿಗಳು ಅಂಗಡಿಯಿಂದ ಅಂಗಡಿಗೆ ಬದಲಾಗಬಹುದು. ಲೆಕ್ಕದ ವಿಧಾನ ಬದಲಾಗುವುದಿಲ್ಲ.

ಈ ಲೆಕ್ಕದಲ್ಲಿ ಅತ್ಯಂತ ಮುಖ್ಯವಾದ ಅಂಶ ಬಾಳಿಕೆ. ಬಾಳಿಕೆಯನ್ನು ನಿರ್ಧರಿಸುವುದು ಲೋಹದ ದರ್ಜೆ ಮತ್ತು ದಪ್ಪ. ಹೊಳಪಿಗೂ ಬಾಳಿಕೆಗೂ ಸಂಬಂಧವಿಲ್ಲ.

ಉಕ್ಕಿನ ದರ್ಜೆ: ಅಯಸ್ಕಾಂತ ಹೇಳದ ಸಂಗತಿ

1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಅವರು ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ್ದು ಪ್ರಸಿದ್ಧವಾದ ಸಂಗತಿ. ಉಕ್ಕಿಗೆ ಕ್ರೋಮಿಯಂ ಬೆರೆತಾಗ ಅದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳುವಾದ ರಕ್ಷಣಾ ಪದರ ಉಂಟಾಗುತ್ತದೆ. ನಿಕ್ಕಲ್ ಸೇರಿದಾಗ ಹುಳಿ ಪದಾರ್ಥಗಳನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚುತ್ತದೆ. ಇಂದು ಪಾತ್ರೆ ವ್ಯಾಪಾರದಲ್ಲಿ ಬಳಕೆಯಲ್ಲಿರುವ ದರ್ಜೆಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು 304. ಇದರಲ್ಲಿ ಕ್ರೋಮಿಯಂ ಸುಮಾರು ಶೇ. 18, ನಿಕ್ಕಲ್ ಸುಮಾರು ಶೇ. 8. ಪಾತ್ರೆಗಳ ಮೇಲೆ ಕಾಣುವ 18/8 ಎಂಬ ಗುರುತಿನ ಅರ್ಥ ಇದೇ. ಎರಡನೆಯದು 200ರ ಸರಣಿ. ಇದರಲ್ಲಿ ದುಬಾರಿಯಾದ ನಿಕ್ಕಲ್ ಅನ್ನು ಕಡಿಮೆ ಮಾಡಿ ಅದರ ಸ್ಥಾನದಲ್ಲಿ ಮ್ಯಾಂಗನೀಸ್ ಬಳಸಲಾಗುತ್ತದೆ. 202 ದರ್ಜೆಯಲ್ಲಿ ನಿಕ್ಕಲ್ ಶೇ. 4ರಿಂದ 6ರಷ್ಟಿದ್ದರೆ, ಇನ್ನೂ ಅಗ್ಗದ ಕೆಲವು ದರ್ಜೆಗಳಲ್ಲಿ ಅದು ಶೇ. 1ರ ಆಸುಪಾಸಿಗೆ ಇಳಿಯುತ್ತದೆ. ಮೂರನೆಯದು 430. ಇದರಲ್ಲಿ ಕ್ರೋಮಿಯಂ ಶೇ. 16ರಿಂದ 18ರಷ್ಟಿದ್ದು, ನಿಕ್ಕಲ್ ಇಲ್ಲವೆನ್ನುವಷ್ಟು ಕಡಿಮೆ.

ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ನಂಬಿಕೆ ಗ್ರಾಹಕರಲ್ಲಿ ಬೇರೂರಿದೆ. ಇದು ಅರ್ಧ ಸತ್ಯ. ಅಯಸ್ಕಾಂತ 430 ದರ್ಜೆಗೆ ಅಂಟುತ್ತದೆ, 304 ದರ್ಜೆಗೆ ಸಾಮಾನ್ಯವಾಗಿ ಅಂಟುವುದಿಲ್ಲ ಎಂಬುದು ಸರಿ. ಆದರೆ ಅದು 200ರ ಸರಣಿಗೂ ಅಂಟುವುದಿಲ್ಲ. ಆದುದರಿಂದ 304ರ ಬೆಲೆಗೆ 200ರ ಸರಣಿಯ ಪಾತ್ರೆಯನ್ನು ಕೊಟ್ಟರೆ ಅಯಸ್ಕಾಂತ ಹಿಡಿದ ಗ್ರಾಹಕರು ತೃಪ್ತರಾಗಿಯೇ ಮನೆಗೆ ಹೋಗುತ್ತಾರೆ. ಇನ್ನೊಂದೆಡೆ ಒತ್ತಿ ರೂಪಿಸಿದ 304 ಪಾತ್ರೆಯ ಅಂಚು ಮೂಲೆಗಳಲ್ಲಿ ಅಯಸ್ಕಾಂತ ಕೊಂಚ ಸೆಳೆಯುವುದುಂಟು, ಅದು ದೋಷವಲ್ಲ. ಇಂಡಕ್ಷನ್ ಒಲೆಗೆ ಬೇಕಾದ ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಲೇಬೇಕು. ಎರಡು ದರ್ಜೆಗಳ ವ್ಯತ್ಯಾಸವನ್ನು ತಿಳಿಯಲು ಲೋಹದ ವ್ಯಾಪಾರಿಗಳು ಮ್ಯಾಂಗನೀಸ್ ಅಂಶವನ್ನು ಬಣ್ಣದಿಂದ ತೋರಿಸುವ ಪರೀಕ್ಷಾ ದ್ರಾವಣವನ್ನು ಬಳಸುತ್ತಾರೆ. ಈ ಸಣ್ಣ ಸೀಸೆ ಪಾತ್ರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೂ ಇದ್ದರೆ ಅರ್ಧ ವಾದಗಳು ಅಲ್ಲಿಯೇ ಮುಗಿಯುತ್ತವೆ.

200ರ ಸರಣಿಯ ಪಾತ್ರೆಯನ್ನು ಮಾರುವುದು ತಪ್ಪೇನಲ್ಲ. ಅಕ್ಕಿ ಬೇಳೆ ತುಂಬುವ ಡಬ್ಬ, ತಟ್ಟೆ, ಹರಿವಾಣ, ಜರಡಿಗಳಿಗೆ ಅದು ಧಾರಾಳವಾಗಿ ಸಾಕು. ಹುಳಿ, ಸಾರು, ಗೊಜ್ಜು ಕುದಿಯುವ ಪಾತ್ರೆಗೆ, ಉಪ್ಪಿನಕಾಯಿ ಬಡಿಸಿಡುವ ಬಟ್ಟಲಿಗೆ 304 ಲೇಸು. ತಪ್ಪಾಗುವುದು ಒಂದನ್ನು ಇನ್ನೊಂದೆಂದು ಮಾರಿದಾಗ. ನಿಕ್ಕಲ್ ಬೆಲೆ ಅಂತರರಾಷ್ಟ್ರೀಯ ಪೇಟೆಯಲ್ಲಿ ನಿರ್ಧಾರವಾಗುವಂಥದು. 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ಅದು ಟನ್ನಿಗೆ ಒಂದು ಲಕ್ಷ ಡಾಲರುಗಳನ್ನು ಕ್ಷಣಕಾಲ ಮೀರಿ, ವಹಿವಾಟನ್ನೇ ಸ್ಥಗಿತಗೊಳಿಸಬೇಕಾಯಿತು. ನಿಕ್ಕಲ್ ಏರಿದಾಗಲೆಲ್ಲ ದರ್ಜೆ ಬದಲಿಸುವ ಆಸೆಯೂ ಏರುವುದು ಸಹಜ. ಅಂಥ ಕಾಲದಲ್ಲಿ ನಿಜವಾದ 304 ಮಾಲನ್ನು ಇಟ್ಟುಕೊಂಡ ವರ್ತಕರು ಬೆಲೆಯಲ್ಲಿ ಸೋಲುತ್ತಾರೆ; ತಾವು ಸೋತದ್ದೇಕೆ ಎಂಬುದನ್ನು ಗ್ರಾಹಕರಿಗೆ ತೋರಿಸುವ ದಾಖಲೆ ಅವರ ಬಳಿ ಇರುವುದಿಲ್ಲ.

ತೂಕ ಮತ್ತು ಗೇಜ್

ದರ್ಜೆಯ ನಂತರ ದಪ್ಪ. ವ್ಯಾಪಾರಿಗಳು ದಪ್ಪವನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. ಗೇಜ್ ಸಂಖ್ಯೆ ಹೆಚ್ಚಾದಂತೆ ತಗಡು ತೆಳುವಾಗುತ್ತದೆ ಎಂಬುದನ್ನು ಅನೇಕ ಗ್ರಾಹಕರು ಅರಿಯರು. 20 ಗೇಜ್ ಎಂದರೆ ಸುಮಾರು 0.9 ಮಿಲಿಮೀಟರ್, 22 ಗೇಜ್ ಸುಮಾರು 0.7, 24 ಗೇಜ್ ಸುಮಾರು 0.55.

ಗೇಜ್ ತಿಳಿಯದವರಿಗೆ ತಕ್ಕಡಿ ಸಾಕು. 30 ಸೆಂಟಿಮೀಟರ್ ವ್ಯಾಸದ ಚಪ್ಪಟೆ ತಟ್ಟೆಯ ವಿಸ್ತೀರ್ಣ ಸುಮಾರು 707 ಚದರ ಸೆಂಟಿಮೀಟರ್. ತಗಡು ಅರ್ಧ ಮಿಲಿಮೀಟರ್ ಇದ್ದರೆ ತೂಕ ಸುಮಾರು 280 ಗ್ರಾಂ, 0.7 ಮಿಲಿಮೀಟರ್ ಇದ್ದರೆ ಸುಮಾರು 390 ಗ್ರಾಂ. ಒಂದೇ ಅಳತೆಯ ಎರಡು ಪಾತ್ರೆಗಳನ್ನು ಅಕ್ಕಪಕ್ಕ ತೂಗಿದರೆ ಯಾವುದು ದಪ್ಪ ಎಂಬುದು ತಾನಾಗಿಯೇ ತಿಳಿಯುತ್ತದೆ. ಬಿಡಿ ಬೆಲೆಗೆ ಮಾರುವ ಪಾತ್ರೆಯನ್ನೂ ತೂಗಿಸಿ, ಕಿಲೋ ಒಂದಕ್ಕೆ ಎಷ್ಟು ಬಿದ್ದಿತೆಂದು ಭಾಗಿಸಿ ನೋಡುವ ಅಭ್ಯಾಸ ಒಳ್ಳೆಯದು. ತೂಗಿ ಮಾರುವ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಅದನ್ನು ಪ್ರತಿವರ್ಷ ನವೀಕರಿಸಿರಬೇಕು.

ಬರಿಯ ತೂಕವೇ ಗುಣವಲ್ಲ ಎಂಬುದನ್ನೂ ಹೇಳಬೇಕು. ಹಿಡಿಗೆ ಹಾಕಿದ ರಿವೆಟ್ ಅಲುಗದಂತಿದೆಯೇ, ಅಂಚು ಸುತ್ತಿ ಮಡಿಸಿದೆಯೇ ಅಥವಾ ಬೆರಳನ್ನು ಕುಯ್ಯುವಂತಿದೆಯೇ, ತಳ ಕಲ್ಲಿನ ಮೇಲಿಟ್ಟರೆ ಅಲ್ಲಾಡದೆ ಕೂರುತ್ತದೆಯೇ, ಮುಚ್ಚಳ ಸುತ್ತಲೂ ಸರಿಯಾಗಿ ಹೊಂದುತ್ತದೆಯೇ ಎಂಬುದನ್ನು ಅಂಗಡಿಯಲ್ಲಿಯೇ ನೋಡಬೇಕು. ತುಂಬಿದ ಪಾತ್ರೆಯನ್ನು ಒಲೆಯಿಂದ ಇಳಿಸಬೇಕಾದವರು ಮನೆಯ ಹಿರಿಯರಾದರೆ ಅತಿಯಾದ ಭಾರವೂ ದೋಷವೇ.

ಯಾವ ಅಡುಗೆಗೆ ಯಾವ ಲೋಹ

ಒಂದೇ ಲೋಹ ಎಲ್ಲ ಅಡುಗೆಗೂ ಒಗ್ಗುವುದಿಲ್ಲ. ಸ್ಟೀಲ್ ಶಾಖವನ್ನು ಹರಡುವುದರಲ್ಲಿ ಬಹಳ ಹಿಂದೆ. ಅದಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ಸುಮಾರು 15 ಪಟ್ಟು, ತಾಮ್ರ ಸುಮಾರು 25 ಪಟ್ಟು ಉತ್ತಮ ಉಷ್ಣವಾಹಕಗಳು. ತೆಳು ಸ್ಟೀಲ್ ಪಾತ್ರೆಯಲ್ಲಿ ಹಾಲು, ಪಾಯಸ, ಕೇಸರಿಭಾತು ತಳ ಹಿಡಿಯುವುದು ಇದರಿಂದಲೇ. ಎರಡು ಸ್ಟೀಲ್ ಪದರಗಳ ನಡುವೆ ಅಲ್ಯೂಮಿನಿಯಂ ಸೇರಿಸಿದ ತ್ರಿಪದರದ ಪಾತ್ರೆಗೆ ಹೆಚ್ಚಿನ ಬೆಲೆ ಕೊಡುವುದು ಇಂಥ ಅಡುಗೆಗಳಿಗೆ ಸಾರ್ಥಕ. ಕೇವಲ ನೀರು ಕಾಯಿಸುವ ಪಾತ್ರೆಗೆ ಆ ಖರ್ಚು ಅನಾವಶ್ಯಕ.

ಅಲ್ಯೂಮಿನಿಯಂ ಅಗ್ಗ, ಹಗುರ; ಆದರೆ ಹುಳಿ ಪದಾರ್ಥಗಳೊಂದಿಗೆ ವರ್ತಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯೂ ಚಟ್ನಿ, ಸಾಂಬಾರಿನಂಥ ಹುಳಿ ಪದಾರ್ಥಗಳನ್ನು ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿಯಿಲ್ಲದ ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳಲ್ಲಿ ಇಡಬಾರದೆಂದು ಎಚ್ಚರಿಸಿದೆ. ಹಿತ್ತಾಳೆ ತಾಮ್ರಗಳಿಗೆ ಹಾಕುವ ಕಲಾಯಿ ಎಂದರೆ ತವರದ ಲೇಪ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದುದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬಾರದು, ಒರಟು ನಾರಿನಿಂದ ತಿಕ್ಕಬಾರದು. ಬೀದಿಯಲ್ಲಿ ಕೂಗುತ್ತ ಬರುತ್ತಿದ್ದ ಕಲಾಯಿಯವರು ವಿರಳವಾಗಿರುವ ಕಾಲದಲ್ಲಿ, ಹಿತ್ತಾಳೆ ಮಾರುವ ಅಂಗಡಿಯೇ ಕಲಾಯಿಯ ಏರ್ಪಾಡನ್ನೂ ಮಾಡಿಕೊಟ್ಟರೆ ಅದು ವ್ಯಾಪಾರಕ್ಕೂ ಬಲ.

ದೋಸೆ, ರೊಟ್ಟಿಗಳಿಗೆ ಎರಕದ ಕಬ್ಬಿಣದ ಕಾವಲಿಗೆ ಸಮನಾದುದಿಲ್ಲ. ಬೆಲೆ ಸಾಧಾರಣ, ಬಾಳಿಕೆ ತಲೆಮಾರು. ಮೊದಲ ಕೆಲವು ದಿನ ಎಣ್ಣೆ ಸವರಿ ಕಾಯಿಸಿ ಪಳಗಿಸುವ ತಾಳ್ಮೆ ಬೇಕು. ತೊಳೆದ ಕೂಡಲೇ ಒರೆಸಿ ಎಣ್ಣೆ ಹಚ್ಚಬೇಕು. ಈ ತಾಳ್ಮೆಯಿಲ್ಲದವರು ಅಂಟದ ಲೇಪದ ಕಾವಲಿಯನ್ನು ಆರಿಸಿಕೊಳ್ಳುತ್ತಾರೆ. ಲೇಪವು ಸುಮಾರು 260 ಡಿಗ್ರಿಗಿಂತ ಹೆಚ್ಚು ಕಾದರೆ ಹಾಳಾಗತೊಡಗುತ್ತದೆ. ಬರಿಯ ಕಾವಲಿಯನ್ನು ಜೋರು ಉರಿಯಲ್ಲಿ ಬಿಟ್ಟರೆ ಈ ಮಟ್ಟ ತಲುಪುವುದು ಕಷ್ಟವಲ್ಲ. ಲೇಪ ಕಿತ್ತುಹೋದೊಡನೆ ಬದಲಿಸಬೇಕಾದುದರಿಂದ ವಾರ್ಷಿಕ ವೆಚ್ಚದ ಲೆಕ್ಕದಲ್ಲಿ ಅದು ಅಗ್ಗದ್ದಲ್ಲ.

ಸಣ್ಣ ಪರಿಕರಗಳ ವಿಷಯ ಸರಳ. ಸೌಟು, ಜಾಲರಿ ಸೌಟು, ಮಗುಚೆಕೈಗಳಲ್ಲಿ ಹಿಡಿ ಮತ್ತು ತಲೆ ಸೇರುವ ಜಾಗವೇ ಮೊದಲು ಸೋಲುವುದು. ಒಂದೇ ತುಂಡಿನಿಂದ ಮಾಡಿದ್ದು ಸಿಕ್ಕರೆ ಉತ್ತಮ. ಈಳಿಗೆಮಣೆ, ತುರಿಮಣೆಗಳಲ್ಲಿ ಅಲಗನ್ನು ಸಾಣೆ ಹಿಡಿಸಲು ಬರುವಂತಿರಬೇಕು.

ಉಳಿತಾಯ ಮಾಡಬಾರದ ಕಡೆ

ಅಡುಗೆಮನೆಯಲ್ಲಿ ಜೀವದ ಪ್ರಶ್ನೆಯಿರುವ ಒಂದೇ ಪಾತ್ರೆ ಪ್ರೆಷರ್ ಕುಕ್ಕರ್. ಅದರೊಳಗೆ ವಾತಾವರಣದ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಷ್ಟು ಹೆಚ್ಚಿನ ಒತ್ತಡವಿದ್ದು, ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶದನ್ವಯ 2021ರ ಫೆಬ್ರವರಿ 1ರಿಂದ ಗೃಹಬಳಕೆಯ ಕುಕ್ಕರ್‌ಗೆ ಐ.ಎಸ್. 2347 ಮಾನಕದ ಐ.ಎಸ್.ಐ. ಮುದ್ರೆ ಕಡ್ಡಾಯವಾಯಿತು. ಈ ಮಾನಕಕ್ಕೆ ಹೊಂದದ ಕುಕ್ಕರ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟ ಹಲವು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ತಲಾ ಒಂದು ಲಕ್ಷ ರೂಪಾಯಿ ದಂಡ ವಿಧಿಸಿ, ಮಾರಿದ ಕುಕ್ಕರ್‌ಗಳನ್ನು ಹಿಂಪಡೆದು ಗ್ರಾಹಕರಿಗೆ ಹಣ ಮರಳಿಸುವಂತೆ ಆದೇಶಿಸಿತು. ಮುದ್ರೆಯೊಂದಿಗೆ ಇರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿ.ಐ.ಎಸ್. ಕೇರ್ ಆಪ್‌ನಲ್ಲಿ ನಮೂದಿಸಿ ಅಸಲಿಯತ್ತನ್ನು ಅಂಗಡಿಯಲ್ಲಿಯೇ ಪರಿಶೀಲಿಸಬಹುದು. ಗ್ಯಾಸ್ಕೆಟ್, ಸೇಫ್ಟಿ ವಾಲ್ವ್‌ಗಳು ಸುಲಭವಾಗಿ ದೊರೆಯುವ ಹೆಸರನ್ನೇ ಆರಿಸುವುದು ವಿವೇಕ. ಬಿಡಿಭಾಗ ಸಿಗದ ಕುಕ್ಕರ್ ಎಷ್ಟು ಅಗ್ಗವಾದರೂ ದುಬಾರಿಯೇ.

ಸಾಮಾನ್ಯ ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳನ್ನೂ ಐ.ಎಸ್.ಐ. ವ್ಯಾಪ್ತಿಗೆ ತರುವ ಆದೇಶವನ್ನು 2024ರ ಮಾರ್ಚ್ 14ರಂದು ಹೊರಡಿಸಲಾಯಿತು. ಸ್ಟೀಲ್‌ಗೆ ಐ.ಎಸ್. 14756, ಅಲ್ಯೂಮಿನಿಯಂಗೆ ಐ.ಎಸ್. 1660 ಅನ್ವಯಿಸುವ ಮಾನಕಗಳು. ಇಂಥ ಆದೇಶಗಳ ಜಾರಿ ದಿನಾಂಕ ಮತ್ತು ಸಣ್ಣ ಘಟಕಗಳ ಕಾಲಾವಕಾಶ ಅಧಿಸೂಚನೆಗಳ ಮೂಲಕ ಬದಲಾಗುವುದುಂಟು. ವರ್ತಕರು ದೊಡ್ಡ ಪ್ರಮಾಣದ ದಾಸ್ತಾನು ಮಾಡುವ ಮೊದಲು ಬ್ಯೂರೋದಿಂದ ಸದ್ಯದ ಸ್ಥಿತಿಯನ್ನು ದೃಢಪಡಿಸಿಕೊಳ್ಳಬೇಕು.

ಬಿಲ್ಲು, ತೆರಿಗೆ ಮತ್ತು ಹಳೆ ಪಾತ್ರೆ

2017ರ ಜುಲೈ 1ರಿಂದ ಶೇ. 12ರಷ್ಟಿದ್ದ ಕಬ್ಬಿಣ, ಸ್ಟೀಲ್, ತಾಮ್ರ ಮತ್ತು ಅಲ್ಯೂಮಿನಿಯಂ ಪಾತ್ರೆಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ತೆರಿಗೆ ಹೊರತಾಗಿ ರೂ. 1,000 ಬೆಲೆಯ ಪಾತ್ರೆಗೆ ಮೊದಲು ರೂ. 1,120 ಕೊಡುತ್ತಿದ್ದ ಗ್ರಾಹಕರು ಈಗ ರೂ. 1,050 ಕೊಟ್ಟರೆ ಸಾಕು. ಉಳಿದ ರೂ. 70ರಲ್ಲಿ ಒಂದು ದರ್ಜೆ ಮೇಲಿನ ಅಥವಾ ಒಂದು ಗೇಜ್ ದಪ್ಪನೆಯ ಪಾತ್ರೆಯ ಕಡೆಗೆ ಗ್ರಾಹಕರ ಗಮನ ಸೆಳೆಯುವುದು ವರ್ತಕರಿಗೂ ಲಾಭಕರ. ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ಸಣ್ಣ ಅಂಗಡಿಗಳು ಬಿಲ್ಲಿನಲ್ಲಿ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ ಎಂಬುದನ್ನು ಗ್ರಾಹಕರು ತಿಳಿದಿರಬೇಕು.

ಹಳೆ ಪಾತ್ರೆಯ ವಿನಿಮಯದಲ್ಲಿ ವರ್ತಕರು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ವಿನಿಮಯವಿಲ್ಲದೆ ರೂ. 2,400ಕ್ಕೆ ಮಾರುವ ಪಾತ್ರೆಯನ್ನು ಹಳೆಯದೊಂದನ್ನು ಪಡೆದು ರೂ. 2,000ಕ್ಕೆ ಕೊಟ್ಟಾಗ, ಜಿ.ಎಸ್.ಟಿ. ನಿಯಮಾವಳಿಯ 27ನೇ ನಿಯಮದ ಪ್ರಕಾರ ತೆರಿಗೆಗೆ ಒಳಪಡುವ ಮೌಲ್ಯ ರೂ. 2,400, ಕೈಗೆ ಬಂದ ನಗದು ಅಲ್ಲ. ಅಂದರೆ ತೆರಿಗೆ ರೂ. 100 ಅಲ್ಲ, ರೂ. 120. ಹಳೆಯ ಪಾತ್ರೆಯ ತೂಕ ಮತ್ತು ದರವನ್ನು ಬಿಲ್ಲಿನಲ್ಲಿಯೇ ಬರೆದರೆ ಇಬ್ಬರಿಗೂ ಗೊಂದಲವಿರುವುದಿಲ್ಲ.

ರೂ. 200ಕ್ಕಿಂತ ಕಡಿಮೆಯ ಮಾರಾಟಕ್ಕೆ, ನೋಂದಣಿಯಿಲ್ಲದ ಗ್ರಾಹಕರು ಕೇಳದಿದ್ದರೆ, ಪ್ರತ್ಯೇಕ ಬಿಲ್ಲು ಅಗತ್ಯವಿಲ್ಲ. ಉಳಿದೆಡೆ ಬಿಲ್ಲು ಕೊಡುವುದು ಕರ್ತವ್ಯ. 2020ರ ಜುಲೈನಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ, 2019 ವಸ್ತುವಿನ ದರ್ಜೆ ಅಥವಾ ಸಂಯೋಜನೆಯ ಬಗ್ಗೆ ಸುಳ್ಳು ಹೇಳುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ಬಿಲ್ಲು ಕೊಡದಿರುವುದು, ದೋಷಪೂರಿತ ವಸ್ತುವನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸಿಲ್ಲದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಕೂಡ ಅದೇ ವ್ಯಾಖ್ಯೆಯಲ್ಲಿ ಸೇರಿವೆ. ಗ್ರಾಹಕರು 1915 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ದೂರು ನೀಡಬಹುದು. ರೂ. 5 ಲಕ್ಷದವರೆಗಿನ ಖರೀದಿಯ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ.

ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು

1. ಅಡುಗೆಮನೆಗೆ ಮೀಸಲಿಟ್ಟ ಹಣದ ಹೆಚ್ಚಿನ ಪಾಲನ್ನು ಪ್ರತಿದಿನ ಒಲೆಯ ಮೇಲೇರುವ ನಾಲ್ಕಾರು ಪಾತ್ರೆಗಳಿಗೆ ಮತ್ತು ಕುಕ್ಕರ್‌ಗೆ ವಿನಿಯೋಗಿಸಬೇಕು. ಡಬ್ಬ, ತಟ್ಟೆ, ಲೋಟಗಳಲ್ಲಿ ಉಳಿಸಬಹುದು.

2. ದೊಡ್ಡ ಸೆಟ್ಟುಗಳಿಗಿಂತ ಬೇಕಾದುದನ್ನು ಬಿಡಿಯಾಗಿ ಕೊಳ್ಳುವುದು ಮೇಲು. ಸೆಟ್ಟಿನಲ್ಲಿ ಅಟ್ಟ ಸೇರುವ ಪಾತ್ರೆಗೂ ಹಣ ತೆತ್ತಿರುತ್ತೇವೆ.

3. ದರ್ಜೆಯನ್ನು ಬಾಯಿಮಾತಿನಲ್ಲಿ ಕೇಳಿದರೆ ಸಾಲದು, ಬಿಲ್ಲಿನಲ್ಲಿ ಬರೆಸಬೇಕು.

4. ಒಂದೇ ಅಳತೆಯ ಎರಡು ಪಾತ್ರೆಗಳನ್ನು ತೂಗಿ ಹೋಲಿಸಬೇಕು.

5. ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿದ ಮೇಲೆ ಉಪ್ಪು ಹಾಕಬೇಕು. ತಣ್ಣೀರಿನಲ್ಲಿ ಕರಗದೆ ತಳದಲ್ಲಿ ಕೂತ ಉಪ್ಪು ಒಳ್ಳೆಯ ದರ್ಜೆಯ ಉಕ್ಕಿನಲ್ಲಿಯೂ ಸಣ್ಣ ಕುಳಿಗಳನ್ನು ಮಾಡುತ್ತದೆ.

ವರ್ತಕರು ಮಾಡಬೇಕಾದುದು ಇನ್ನೂ ಸರಳ. ಚಾಮರಾಜಪೇಟೆ ಮತ್ತು ಹಳೆಯ ಪೇಟೆಯ ಪಾತ್ರೆ ವ್ಯಾಪಾರಿಗಳು ಒಟ್ಟಾಗಿ, ಪ್ರತಿಯೊಂದು ಬಿಲ್ಲಿನಲ್ಲಿ ದರ್ಜೆ, ತೂಕ ಮತ್ತು ದರ ಎಂಬ ಮೂರು ಅಂಕಣಗಳನ್ನು ತುಂಬುವ ನಿರ್ಧಾರ ಕೈಗೊಂಡರೆ ಅದಕ್ಕೆ ಹೊಸ ಬಂಡವಾಳ ಬೇಕಿಲ್ಲ. ಬಿಲ್ ಪುಸ್ತಕದ ಅಚ್ಚನ್ನು ಬದಲಿಸಿದರೆ ಸಾಕು. ಸಗಟು ವ್ಯಾಪಾರಿಯಿಂದ ಮಾಲು ಪಡೆಯುವಾಗಲೂ ಇದೇ ಮೂರು ಅಂಶಗಳನ್ನು ಲಿಖಿತವಾಗಿ ಕೇಳಿದರೆ, ತಪ್ಪು ಮಾಲು ಬಂದಾಗ ಹೊಣೆ ಯಾರದೆಂಬುದೂ ನಿರ್ಣಯವಾಗುತ್ತದೆ. 304 ಎಂದು ಬರೆದುಕೊಟ್ಟ ಅಂಗಡಿಯ ಪಾತ್ರೆಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಗ್ರಾಹಕರು ಹಿಂಜರಿಯಲಾರರು. ಬರೆದುಕೊಡದ ಅಂಗಡಿಯಲ್ಲಿ ಅವರು ಹೋಲಿಸುವುದು ಬೆಲೆಯೊಂದನ್ನೇ. ಆ ಹೋಲಿಕೆಯಲ್ಲಿ ಮೊಬೈಲ್ ಪರದೆಯೇ ಗೆಲ್ಲುತ್ತದೆ.